ಹೈ ಬಾನೆಟ್

ಮಲೆನಾಡಿನ ಮನೆಗಳಲ್ಲಿ ಜೀಪನ್ನು ಮಾರುವ ಪದ್ಧತಿ ಕಡಿಮೆ. ಜೀಪು ನಿಂತುಹೋಗುತ್ತದೆ, ಅಷ್ಟೆ. ಯಾವಾಗ ನಿಂತಿತು ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಚಿಕ್ಕಪ್ಪನ ಮದುವೆಯಾದ ವರ್ಷ ಅಂತ ಒಬ್ಬರು, ಮೆಣಸಿಗೆ ರೇಟು ಬಂದ ವರ್ಷ ಅಂತ ಇನ್ನೊಬ್ಬರು. ಮೊದಲು ಬ್ಯಾಟರಿ ಡೌನಾಗುತ್ತದೆ. ಆ ಬ್ಯಾಟರಿಯನ್ನು ಯಾರೋ ಬಿಚ್ಚಿ ಐಬೆಕ್ಸ್ ಕರೆಂಟು ಬೇಲಿಗೆ ಕೊಡುತ್ತಾರೆ. ಆಮೇಲೆ ಒಂದು ಟಯರಿನ ಗಾಳಿ ಇಳಿಯುತ್ತದೆ. ಹಿಂದಿನ ಸೀಟಿಗೆ ಗೊಬ್ಬರದ ಖಾಲಿ ಚೀಲಗಳು ಬಂದು ಬೀಳುತ್ತವೆ, ಚೀಲದ ಮೇಲೆ ಹರಿದ ಟಾರ್ಪಾಲು, ಟಾರ್ಪಾಲಿನ ಮೇಲೆ ಕಾವಿಗೆ ಕೂತ ಕೋಳಿ. ಕೋಳಿ ಕೂತ ಮೇಲೆ ಜೀಪು ಅಲ್ಲಾಡಿಸಲು ಮನೆಯ ಹೆಂಗಸರು ಬಿಡುವುದಿಲ್ಲ. ಅಲ್ಲಿಗೆ ಅದರ ಚರಿತ್ರೆ ಮುಗಿದು ಪುರಾಣ ಶುರುವಾಗುತ್ತದೆ.

ಸೌದೆ ಕೊಟ್ಟಿಗೆಯಲ್ಲಿದ್ದ ನಮ್ಮ ದೊಡ್ಡಪ್ಪನ ಜೀಪು ಪುರಾಣಕ್ಕೆ ಸೇರಿ ಬಹಳ ಕಾಲವಾಗಿತ್ತು. ಮಹೀಂದ್ರ ಕಂಪನಿಯ ಸಿಜೆ-3ಬಿ, ಪೆಟ್ರೋಲ್ ಇಂಜಿನ್, ಎಂವೈ ಎಂದು ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರು. ಸಕಲೇಶಪುರ ಸುತ್ತಿನ ನಮ್ಮ ಕಾಫಿ ಸೀಮೆಯಲ್ಲಿ ಅದು ಹೊರದ ಹೊರೆ ಇರಲಿಲ್ಲ. ಕಾಫಿ ಚೀಲ, ಏಲಕ್ಕಿ, ನಾಟಾ, ಹೆರಿಗೆ ನೋವಿನ ಹೆಂಗಸರು, ಮದುಮಕ್ಕಳು, ಚುನಾವಣೆಯ ಮೈಕು, ಕೊನೆಗೆ ಊರಿನ ಹೆಣಗಳೂ ಅದರಲ್ಲಿ ಹೋದವು. ಎಷ್ಟು ಜನ ಕೂರಬಹುದು ಎಂದು ಆರ್.ಸಿ. ಪುಸ್ತಕದಲ್ಲಿ ಬರೆದಿದೆ. ದೊಡ್ಡಪ್ಪ ಆ ಪುಟ ಓದಿದ್ದಕ್ಕೆ ಯಾವ ಪುರಾವೆಯೂ ಇಲ್ಲ.

ಇದನ್ನು ಎಬ್ಬಿಸಬೇಕು ಎಂದು ನಾನು ಬಾಯಿಬಿಟ್ಟದ್ದೇ ತಡ, ಊರೆಲ್ಲ ಒಂದೇ ಬುದ್ಧಿ ಹೇಳಿತು: "ಆ ಪೆಟ್ರೋಲ್ ಇಂಜಿನ್ ಎತ್ತಿ ಬಿಸಾಕಿ, ಡೀಸೆಲ್ ಕೂರಿಸಿ." ಬುದ್ಧಿ ಹೇಳಿದವರದು ತಪ್ಪಲ್ಲ. 1973ರ ನಂತರ ಪೆಟ್ರೋಲ್ ಬೆಲೆ ಏರತೊಡಗಿದ ಮೇಲೆ ಲೀಟರಿಗೆ ಏಳೆಂಟು ಕಿಲೋಮೀಟರ್ ಓಡುವ ಈ ಜೀಪುಗಳನ್ನು ಸಾಕುವುದು ಸಣ್ಣ ಬೆಳೆಗಾರರಿಗೆ ಕಷ್ಟವಾಯಿತು. ಕಂಪನಿಯವರೇ ಮುಂದೆ ಪ್ಯೂಜೋ ಡೀಸೆಲ್ ಇಂಜಿನ್ ಹಾಕಿ ಜೀಪು ಮಾರಿದರು. ಹಳೆಯ ಪೆಟ್ರೋಲ್ ಜೀಪು ಇದ್ದವರು ಮ್ಯಾಟಡೋರ್ ವ್ಯಾನಿನ ಇಂಜಿನ್ ತಂದು ಕೂರಿಸಿಕೊಂಡರು. ಮೌಂಟಿಂಗು ವೆಲ್ಡ್ ಮಾಡಿ, ರೇಡಿಯೇಟರ್ ಮುಂದೆ ತಳ್ಳಿ, ಗೇರ್ ಬಾಕ್ಸಿಗೆ ಒಂದು ಪ್ಲೇಟು ಕೊಟ್ಟು, ಹೇಗೋ ಮಾಡಿ ಓಡಿಸಿದರು. ಆ ಜೀಪುಗಳು ಘಟ್ಟ ಹತ್ತಿದವು, ಸಾಲ ತೀರಿಸಿದವು. ಬಿಚ್ಚಿದ ಪೆಟ್ರೋಲ್ ಇಂಜಿನ್ನುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು.

ನಾನು ಆ ಬುದ್ಧಿ ಕೇಳಲಿಲ್ಲ. ಹಠ ಅನ್ನಿ. ಆದರೆ ಈ ಜೀಪಿನ ಮುಖ ಹೀಗಿರುವುದೇ ಆ ಇಂಜಿನ್ನಿನಿಂದ ಎಂದು ತಿಳಿದವನು ಅದನ್ನು ಹೇಗೆ ತೆಗೆದುಹಾಕುತ್ತಾನೆ?

ಜೀಪು ಹುಟ್ಟಿದ ಕತೆ ಅವಸರದ ಕತೆ. 1940ರಲ್ಲಿ ಯುದ್ಧ ತಮ್ಮ ಬಾಗಿಲಿಗೂ ಬರುವ ಲಕ್ಷಣ ಕಂಡು ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೆಂದು ಕೇಳಿತು. ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಕಾರ್ಲ್ ಪ್ರೋಬ್ಸ್ಟ್ ಎಂಬ ಇಂಜಿನಿಯರನ್ನು ಕೂರಿಸಿಕೊಂಡು, ಸೆಪ್ಟೆಂಬರ್ 23ಕ್ಕೆ ಗಾಡಿಯನ್ನು ಸೇನೆಯ ಅಂಗಳಕ್ಕೆ ಓಡಿಸಿಕೊಂಡು ಬಂದೇಬಿಟ್ಟಿತು. ಸಣ್ಣವರು ಮಾಡಿದ್ದನ್ನು ದೊಡ್ಡವರು ಉಣ್ಣುವ ನಿಯಮ ಅಲ್ಲೂ ಇದೆ. ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಇಬ್ಬರೂ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪು ಇಳಿಸಿದರು.

ವಿಲ್ಲೀಸ್ ಗೆದ್ದದ್ದು ಇಂಜಿನ್ನಿನ ಬಲದಿಂದ. ಗೋ ಡೆವಿಲ್ ಎಂದು ಅದರ ಹೆಸರು. ನಾಲ್ಕು ಸಿಲಿಂಡರ್, 2199 ಸಿಸಿ, 60 ಅಶ್ವಶಕ್ತಿ. ಅದರಲ್ಲಿ ಎಂಟೂ ವಾಲ್ವುಗಳು ಸಿಲಿಂಡರಿನ ಪಕ್ಕಕ್ಕೆ, ಬ್ಲಾಕಿನ ಒಳಗೇ ಇದ್ದವು. ಹಾಗಾಗಿ ಇಂಜಿನ್ ಗಿಡ್ಡ, ಬಾನೆಟ್ಟೂ ತಗ್ಗು. ಯುದ್ಧದ ಸಿನಿಮಾಗಳಲ್ಲಿ ಕಾಣುವ ಚಪ್ಪಟೆ ಜೀಪು ಅದು. ಶಕ್ತಿ ಸಾಲದು ಅನ್ನಿಸಿದಾಗ ಹೊಸ ಇಂಜಿನ್ ಮಾಡುವಷ್ಟು ದುಡ್ಡು ಕಂಪನಿಯ ಕೈಯಲ್ಲಿ ಇರಲಿಲ್ಲವೋ ಏನೋ, ಅದೇ ಬ್ಲಾಕನ್ನು ಇಟ್ಟುಕೊಂಡು ಗಾಳಿ ಒಳಗೆಳೆಯುವ ನಾಲ್ಕು ವಾಲ್ವುಗಳನ್ನು ಮಾತ್ರ ಮೇಲಿನ ಹೆಡ್ಡಿಗೆ ಏರಿಸಿದರು. ಹೊಗೆ ಬಿಡುವ ನಾಲ್ಕನ್ನು ಇದ್ದಲ್ಲೇ ಬಿಟ್ಟರು. ಇದು ಹರಿಕೇನ್ ಇಂಜಿನ್. ಶಕ್ತಿಯೇನೋ 70 ದಾಟಿತು, ಆದರೆ ಇಂಜಿನ್ ಎತ್ತರವಾಗಿ ಬಾನೆಟ್ ಮುಚ್ಚದಾಯಿತು. ಬಾನೆಟ್ಟನ್ನೇ ಎತ್ತರಿಸಿದರು. 1953ರಲ್ಲಿ ಹೊರಬಂದ ಸಿಜೆ-3ಬಿ ಎಂದರೆ ಇದೇ. ಜೀಪಿನ ಹುಚ್ಚು ಇರುವವರು ಇವತ್ತಿಗೂ ಗಾಡಿಗಳನ್ನು ಎರಡೇ ಜಾತಿ ಮಾಡುತ್ತಾರೆ: ಲೋ ಬಾನೆಟ್, ಹೈ ಬಾನೆಟ್. ಲೋ ಬಾನೆಟ್ಟಿನವರಿಗೆ ತಮ್ಮದು ಚೆಲುವೆಯೆಂಬ ಜಂಬ. ಹೈ ಬಾನೆಟ್ ನೋಡಲು ಸ್ವಲ್ಪ ಒರಟೇ, ಒಪ್ಪಿಕೊಳ್ಳಬೇಕು. ದವಡೆ ಉದ್ದ, ಹಣೆ ದಪ್ಪ. ಆ ಹಣೆಯ ಹಿಂದೆ ಡೀಸೆಲ್ ಇಂಜಿನ್ ಕೂರಿಸಿದರೆ ಎತ್ತರಕ್ಕೆ ಕಾರಣವೇ ಉಳಿಯುವುದಿಲ್ಲ.

ನಮ್ಮ ದೇಶದ ಕಂಪನಿಯ ಕತೆಯೂ ಸಣ್ಣದಲ್ಲ. 1945ರಲ್ಲಿ ಶುರುವಾದಾಗ ಅದು ಮಹೀಂದ್ರ ಅಂಡ್ ಮೊಹಮ್ಮದ್. ಮಹೀಂದ್ರ ಅಣ್ಣತಮ್ಮಂದಿರ ಜೊತೆ ಪಾಲುದಾರರಾಗಿದ್ದ ಗುಲಾಮ್ ಮೊಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಎರಡನೆಯ ಎಂ ಅಕ್ಷರ ಮಾತ್ರ ಹೇಗೋ ಉಳಿದುಕೊಂಡಿತು. ಬಿಡಿಭಾಗಗಳಾಗಿ ಬಂದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುತ್ತ ಜೋಡಿಸುತ್ತ ಅವರು ಪೂರ್ತಿ ಜೀಪು ಕಟ್ಟುವುದನ್ನೇ ಕಲಿತರು. ಅಮೆರಿಕದಲ್ಲಿ ಈ ಮುಖ ಮರೆತುಹೋದ ಮೇಲೂ ನಮ್ಮಲ್ಲಿ ದಶಕಗಟ್ಟಲೆ ಹುಟ್ಟುತ್ತಲೇ ಇತ್ತು. ಆ ವಂಶದ ರಾಕ್ಸರ್ ಎಂಬ ಗಾಡಿಯನ್ನು ಮಹೀಂದ್ರದವರು ಅಮೆರಿಕಕ್ಕೇ ಒಯ್ದು ಮಾರಹೊರಟಾಗ ಜೀಪಿನ ಆಗಿನ ಯಜಮಾನರು ಮುಖ ನಮ್ಮದು ಎಂದು ತಕರಾರು ಹೂಡಿದರು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಅದನ್ನು ಎತ್ತಿಹಿಡಿಯಿತು, ಮಹೀಂದ್ರದವರು ಮುಖ ಬದಲಿಸಬೇಕಾಯಿತು. ದೊಡ್ಡಪ್ಪನ ಕೊಟ್ಟಿಗೆಯವರೆಗೆ ಆ ನೋಟೀಸು ಬಂದಿಲ್ಲ.

ನಮ್ಮ ಮಿಸ್ತ್ರಿಯ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ಆಸುಪಾಸಿನ ಮನುಷ್ಯ. ಪೇಟೆಯ ಗ್ಯಾರೇಜನ್ನು ಮಗನಿಗೆ ಬಿಟ್ಟಿದ್ದಾರೆ. ಮಗ ಲ್ಯಾಪ್‌ಟಾಪ್ ಚುಚ್ಚಿ ಕಾರಿನ ಕಾಯಿಲೆ ಓದುತ್ತಾನೆ. ಅಪ್ಪನಿಗೆ ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಕೊಟ್ಟಿಗೆಗೆ ಬಂದವರು ಕೋಳಿಯನ್ನು ಓಡಿಸಿ, ಬಾನೆಟ್ ಎತ್ತಿ, ಫ್ಯಾನನ್ನು ಹಿಡಿದು ಅಲ್ಲಾಡಿಸಿದರು. ಮಿಸುಕಲಿಲ್ಲ.

"ಹಿಡ್ಕೊಂಡಿದೆ ಗೌಡ್ರೇ. ಪಿಸ್ಟನ್ ಬ್ಲಾಕಿಗೆ ಕಚ್ಚಿದೆ."

"ಬಿಡಿಸೋಕಾಗುತ್ತ?"

"ಆಗುತ್ತೆ. ಜೋರು ಮಾಡ್ಬಾರ್ದು, ಅಷ್ಟೆ."

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತುಗಳಿಂದ ಸಿಲಿಂಡರಿನೊಳಕ್ಕೆ ಡೀಸೆಲ್ ಸುರಿದರು, ಬಟ್ಟೆ ತುರುಕಿದರು, ಮನೆಗೆ ಹೋದರು. ವಾರಕ್ಕೊಮ್ಮೆ ಬಂದು ಇನ್ನಷ್ಟು ಸುರಿದು, ಫ್ಲೈವೀಲಿಗೆ ಸಣ್ಣ ಪಾರೆ ಕೊಟ್ಟು ಒಂದು ಕೂದಲಿನಷ್ಟು ಹಿಂದೆ, ಒಂದು ಕೂದಲಿನಷ್ಟು ಮುಂದೆ ಮಾಡಿ ನೋಡಿ ಹೋಗುವರು. ಬ್ಯಾಂಟಮ್ ಕಂಪನಿ 49 ದಿನದಲ್ಲಿ ಇಡೀ ಜೀಪು ಕಟ್ಟಿತ್ತು ಎಂದು ನಾನು ಒಮ್ಮೆ ಹೇಳಿದೆ. "ಅವ್ರಿಗೆ ತುಕ್ಕು ಇರ್ಲಿಲ್ವಲ್ಲ" ಎಂದರು. ನಮ್ಮ ಕಡೆಯ ಮಳೆಗೆ ತಗಡು ತಿನ್ನಲು ಮುಹೂರ್ತ ಬೇಕಾಗಿಲ್ಲ. ಫ್ಲೋರು ಎಷ್ಟು ಉದುರಿತ್ತೆಂದರೆ ಸೀಟಿನ ಮೇಲೆ ಕೂತು ಕೊಟ್ಟಿಗೆಯ ನೆಲ ನೋಡಬಹುದಿತ್ತು. ಫ್ಲೋರು, ಬ್ರೇಕು, ವೈರಿಂಗು, ಇವೆಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಇಂಜಿನ್ ಒಂದು ದಿನ ತಿರುಗಿತು. ಹಲಸಿನ ಮರಕ್ಕೆ ಚೈನ್ ಬ್ಲಾಕ್ ಕಟ್ಟಿ ಅದನ್ನು ಮೇಲೆತ್ತಿ ಹಲಗೆಯ ಮೇಲೆ ಇಳಿಸಿದೆವು. ಹೆಡ್ಡು ತೆಗೆದ ಮೇಲೆ ಮಿಸ್ತ್ರಿ ಅಳತೆಗೋಲು ಕೇಳಲಿಲ್ಲ. ಸಿಲಿಂಡರಿನ ಬಾಯಿಯಿಂದ ಸ್ವಲ್ಪ ಕೆಳಗೆ ಉಗುರು ಆಡಿಸಿದರು. ಅಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಪಿಸ್ಟನ್ನಿನ ಮೇಲಿನ ರಿಂಗು ಎಲ್ಲಿಯವರೆಗೆ ಏರಿ ಇಳಿಯುತ್ತದೋ ಅಲ್ಲಿ ಕಬ್ಬಿಣ ಹೆಚ್ಚು ಸವೆದಿರುತ್ತದೆ, ಅದರ ಮೇಲಿನದು ಹಾಗೇ ಉಳಿದಿರುತ್ತದೆ. ಆ ಮೆಟ್ಟಿಲು ಉಗುರಿಗೆ ಸಿಕ್ಕಿತೆಂದರೆ ಬೋರಿಂಗ್ ಆಗಲೇಬೇಕು. "ಫಾರ್ಟಿಗೆ ಹೋಗುತ್ತೆ" ಎಂದರು.

ಫಾರ್ಟಿ ಎಂದರೆ ಇಂಚಿನ ಸಾವಿರದಲ್ಲಿ ನಲವತ್ತು ಭಾಗ, ಸುಮಾರು ಒಂದು ಮಿಲಿಮೀಟರ್. ಸಿಲಿಂಡರನ್ನು ಅಷ್ಟು ಅಗಲಿಸಿ ಅದೇ ಸೈಜಿನ ಪಿಸ್ಟನ್ನು, ರಿಂಗು ಹಾಕುವುದು. ಸವೆದಷ್ಟೂ ಟ್ವೆಂಟಿ, ಥರ್ಟಿ, ಫಾರ್ಟಿ, ಸಿಕ್ಸ್‌ಟಿ ಎಂದು ಮುಂದೆ ಹೋಗಬಹುದು, ಹಿಂದೆ ಬರುವಂತಿಲ್ಲ. ಆಮೇಲೆ ಉಳಿಯುವುದು ಸ್ಲೀವ್ ಹೊಡೆಯುವುದೊಂದೇ. ಹಾಸನದ ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಇಳಿಸಿ ನೋಡಿದ ಹುಡುಗನೂ ಫಾರ್ಟಿ ಎಂದೇ ಹೇಳಿದ. ಮಿಸ್ತ್ರಿಯ ಉಗುರಿಗೂ ಆ ಗೇಜಿಗೂ ವ್ಯತ್ಯಾಸ ಬಂದಿದ್ದರೆ ನಾನು ಯಾರನ್ನು ನಂಬುತ್ತಿದ್ದೆ ಎಂದು ಹೇಳಲಾರೆ.

ಕ್ರ್ಯಾಂಕ್ ಶಾಫ್ಟಿನದು ಇದರ ಉಲ್ಟಾ ಲೆಕ್ಕ. ಅದನ್ನು ಸಾಣೆ ಹಿಡಿದು ಸಣ್ಣ ಮಾಡುತ್ತಾರೆ, ಬೇರಿಂಗು ದಪ್ಪದ್ದು ಹಾಕುತ್ತಾರೆ. ಈ ಇಂಜಿನ್ನಿನಲ್ಲಿ ಅಷ್ಟುದ್ದದ ಕ್ರ್ಯಾಂಕನ್ನು ಹೊರುವುದು ಮೂರೇ ಮೈನ್ ಬೇರಿಂಗು. ಸಿಲಿಂಡರಿನ ಬಾಯಿ 79 ಮಿಲಿಮೀಟರ್ ಚಿಲ್ಲರೆ, ಪಿಸ್ಟನ್ ಓಡಾಡುವ ಉದ್ದ 111. ಬಾಯಿಗಿಂತ ಓಟ ಇಷ್ಟು ಉದ್ದವಿದ್ದಾಗ ಇಂಜಿನ್ ವೇಗದಲ್ಲಿ ಕಿರುಚುವುದಿಲ್ಲ, ನಿಧಾನದಲ್ಲೇ ಎಳೆಯುತ್ತದೆ. ಮಳೆಗಾಲದ ಕೆಂಪು ಜೇಡಿಯಲ್ಲಿ, ಫೋರ್‌ವೀಲ್ ಹಾಕಿ ಲೋ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಆಳು ನಡೆಯುವಷ್ಟು ವೇಗದಲ್ಲಿ ಏರು ಹತ್ತುವುದು ಇದರಿಂದ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಜೀಪಿನಲ್ಲಿ ಹೋದವರು ಡೀಸೆಲ್ಲಿನ ಗದ್ದಲದಲ್ಲಿ ಮೈಕೈ ನೋಯಿಸಿಕೊಂಡು ಬಂದಿರುತ್ತೀರಿ. ಪೆಟ್ರೋಲ್ ಹರಿಕೇನ್ ಅದೇ ಏರನ್ನು ಮಾತಾಡಿಕೊಂಡು ಹೋಗುವಷ್ಟು ಸದ್ದಿನಲ್ಲಿ ಹತ್ತುತ್ತದೆ.

ಇಡೀ ಕೆಲಸದಲ್ಲಿ ನನಗೆ ಸಿಕ್ಕ ಪಾಲು ವಾಲ್ವ್ ಉಜ್ಜುವುದು. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ತುದಿಗೆ ರಬ್ಬರ್ ಕಪ್ಪಿರುವ ಕೋಲನ್ನು ಅದಕ್ಕೆ ಕಚ್ಚಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ಅತ್ತಿತ್ತ ತಿರುಗಿಸುವುದು. ಮೊದಲು ಗರಗರ ಸದ್ದು. ಪೇಸ್ಟು ಸವೆದಂತೆ ಸದ್ದು ನುಣುಪಾಗುತ್ತದೆ. ಒರೆಸಿ ನೋಡಿದರೆ ಅಂಚಿನ ಸುತ್ತ ಎಲ್ಲೂ ತುಂಡಾಗದ ಬೂದು ಬಳೆ ಕಾಣಬೇಕು. ಈ ಇಂಜಿನ್ನಿನಲ್ಲಿ ನಾಲ್ಕನ್ನು ಹೆಡ್ಡಿನಲ್ಲಿ, ನಾಲ್ಕನ್ನು ಬ್ಲಾಕಿನಲ್ಲಿ ಉಜ್ಜಬೇಕಾದ್ದರಿಂದ ಬೆನ್ನಿಗೆ ಎರಡು ಬಗೆಯ ನೋವು. ಮುಗಿದ ಮೇಲೆ ಮಿಸ್ತ್ರಿ ಮುಚ್ಚಿದ ವಾಲ್ವಿನ ಮೇಲೆ ಸೀಮೆಎಣ್ಣೆ ಸುರಿದು ಬೀಡಿ ಹಚ್ಚಲು ದೂರ ಹೋದರು. ಬರುವ ಹೊತ್ತಿಗೆ ಕೆಳಗೆ ಒದ್ದೆ ಕಂಡರೆ ಆ ವಾಲ್ವು ಮತ್ತೆ ಶುರುವಿಂದ. ಅವರ ಬೀಡಿ ಬಹಳ ನಿಧಾನಕ್ಕೆ ಉರಿಯುತ್ತಿತ್ತು.

ಸಾಮಾನು ಹುಡುಕುವುದು ಇನ್ನೊಂದು ಲೋಕ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಮೊದಲು ಇಲ್ಲ ಅನ್ನುತ್ತಾರೆ. ಟೀ ಕುಡಿದು ಮತ್ತೆ ಹೋದರೆ ಅಟ್ಟದಿಂದ ಇಳಿಸಿಕೊಡುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಅದೇ ಸಾಮಾನು ಗ್ರೀಸು ಮೆತ್ತಿಕೊಂಡು ಅರ್ಧ ಬೆಲೆಗೆ ಕೂತಿರುತ್ತದೆ. ಬಾಡಿ ತಗಡು ಬೇಕಾದರೆ ಹರಿಯಾಣದ ಡಬ್‌ವಾಲಿಯ ಹೆಸರು ಹೇಳುತ್ತಾರೆ. ಅಲ್ಲಿ ಜೀಪಿನ ಬಾಡಿಯನ್ನು ಹೊಸದಾಗಿಯೇ ಕಟ್ಟಿಕೊಡುವ ಅಂಗಡಿಗಳಿವೆ. ಅಲ್ಲಿಂದ ಪೂರ್ತಿ ಹೊಸ ಬಾಡಿ ತರಿಸಿಬಿಡು ಎಂದು ಗೆಳೆಯನೊಬ್ಬ ಹೇಳಿದ. ಆಗ ದೊಡ್ಡಪ್ಪನ ಜೀಪಿನಲ್ಲಿ ದೊಡ್ಡಪ್ಪನದು ಏನು ಉಳಿಯಿತು? ಉದುರಿದ್ದನ್ನಷ್ಟೇ ಕತ್ತರಿಸಿ ತೇಪೆ ಹಾಕಿಸಿದೆ.

ಇದೇ ಜಾಗದಲ್ಲಿ ನನಗೂ ಹಳೇ ಗಾಡಿಯ ಪಂಡಿತರಿಗೂ ಜಗಳ. ಅವರ ಪ್ರಕಾರ ಗಾಡಿ ಕಾರ್ಖಾನೆಯಿಂದ ಇಳಿದ ದಿನ ಹೇಗಿತ್ತೋ ಹಾಗಾಗಬೇಕು. ಸರ್ಕಾರವೂ ಅವರ ಕಡೆಗೇ ಇದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, 20,000 ರೂಪಾಯಿ ಶುಲ್ಕ, ವಿಎ ಎಂಬ ಅಕ್ಷರವಿರುವ ಬೇರೆಯೇ ನಂಬರು. ಚಾಸಿ, ಬಾಡಿ, ಇಂಜಿನ್ ಬದಲಿಸಿದ್ದರೆ ಇಲ್ಲ. ಸಿಕ್ಕಿದರೂ ಪ್ರದರ್ಶನಕ್ಕೋ ರ್‍ಯಾಲಿಗೋ ಬಿಟ್ಟರೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಗೊಬ್ಬರ ಹೊರದ ಜೀಪನ್ನು ಇಟ್ಟುಕೊಂಡು ಮಲೆನಾಡಿನವನು ಮಾಡುವುದೇನು? ನಾನು ಹಳೇ ನಂಬರಿನಲ್ಲೇ ಇದ್ದೇನೆ, ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯ ಬೆಂಚಿನ ಮೇಲೆ ಕೂತು ನವೀಕರಿಸುತ್ತೇನೆ.

ದೊಡ್ಡಪ್ಪ ಹಿಂದುಗಡೆ ಬೆಸೆಸಿದ ಆಂಗಲ್ ಕಬ್ಬಿಣದ ಕೊಕ್ಕೆ, ಚೀಲ ಜಾರದಂತೆ ಅಡ್ಡ ಕೊಟ್ಟ ಪೈಪು, ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿದ ಧರ್ಮಸ್ಥಳದ ಮಂಜುನಾಥನ ತಗಡು, ಇವು ಯಾವುದೂ ಅಮೆರಿಕದ ನಕ್ಷೆಯಲ್ಲಿ ಇರಲಿಲ್ಲ. ನನ್ನ ತೀರ್ಮಾನ ಇಷ್ಟು: ಇಂಜಿನ್ ವಿಲ್ಲೀಸಿನವರ ಅಳತೆಗೆ ಬರಬೇಕು, ಮೈ ದೊಡ್ಡಪ್ಪ ಬಿಟ್ಟುಹೋದ ಹಾಗೆ ಇರಬೇಕು. ಬಣ್ಣದ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಜಾಗವಿಲ್ಲ. ಹುಡುಗರೆಲ್ಲ ಮಿಲಿಟರಿ ಹಸಿರು ಹೊಡೆಸಿ ಎಂದು ಕುಣಿದರು. ಸೇನೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯಬಾರದೆಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಈ ಜೀಪು ಕಂಡ ದೊಡ್ಡ ಯುದ್ಧವೆಂದರೆ ಪಂಚಾಯಿತಿ ಚುನಾವಣೆ. ಹಳೆಯ ಬೂದು ಬಣ್ಣವನ್ನೇ ಹೊಡೆಸಿದೆ.

ಜೋಡಣೆ ಮುಗಿದು ವಾಲ್ವುಗಳ ಸಂದನ್ನು ಫೀಲರ್ ಗೇಜಿನಲ್ಲಿ ಇಟ್ಟದ್ದಾಯಿತು. ಮೇಲಿನವಕ್ಕೆ 0.018 ಇಂಚು, ಕೆಳಗಿನವಕ್ಕೆ 0.016. ಬ್ಯಾಟರಿ ಇತ್ತು, ಸೆಲ್ಫ್ ಕೂಡ ಇತ್ತು. ಮಿಸ್ತ್ರಿಗೆ ಅದು ಬೇಡ. ಮೊದಲ ಸ್ಟಾರ್ಟು ಹ್ಯಾಂಡಲ್‌ನಲ್ಲೇ ಆಗಬೇಕು. ಇದರ ಕಂಪ್ರೆಷನ್ ಒಂದಕ್ಕೆ ಏಳರ ಒಳಗೆ, ಹಾಗಾಗಿ ಮನುಷ್ಯನ ತೋಳಿಗೆ ಬಗ್ಗುತ್ತದೆ. ಮ್ಯಾಟಡೋರ್ ಇಂಜಿನ್ ಕೂರಿಸಿಕೊಂಡವರಿಗೆ ಈ ಭಾಗ್ಯವಿಲ್ಲ. ಆಷಾಢದಲ್ಲಿ ಬ್ಯಾಟರಿ ಸತ್ತಾಗ ಅವರು ಜೀಪನ್ನು ಇಳಿಜಾರು ಹುಡುಕಿ ತಳ್ಳಬೇಕು. ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಹೆಬ್ಬೆರಳು ಸುತ್ತಿ ಹಿಡಿದವರ ಕೈಯನ್ನು ಇಂಜಿನ್ ಹಿಂದಕ್ಕೆ ಒದ್ದು ಮುರಿದ ಉದಾಹರಣೆ ನಮ್ಮ ಹಳೇ ಡ್ರೈವರುಗಳಲ್ಲಿ ಬೇಕಾದಷ್ಟಿದೆ. ಮಿಸ್ತ್ರಿ ಎಳೆದರು, ಅದು ಕೆಮ್ಮಿತು, ಕಾರ್ಬುರೇಟರಿನಲ್ಲಿ ಸೀನಿತು, ಹಿಡಿಯಿತು. ಅಮ್ಮ ಹೊರಗೆ ಬಂದು, "ಭಾವ ಬಂದ್ರು ಅಂದ್ಕೊಂಡೆ" ಎಂದರು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿದೆ.

ಈಗ ದಿನಾ ಓಡುತ್ತಿದೆ. ಆಯಿಲ್ ಸ್ವಲ್ಪ ಸೋರುತ್ತದೆ. ಸೋರದಿದ್ದರೆ ಒಳಗೆ ಆಯಿಲ್ ಇಲ್ಲ ಎಂದು ತಿಳಿಯಿರಿ ಎಂದಿದ್ದಾರೆ ಮಿಸ್ತ್ರಿ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಈಗ ಎಥನಾಲ್ ಬೆರೆಸಿರುತ್ತಾರೆ. ಅದು ಹಳೇ ರಬ್ಬರ್ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಆ ಪೈಪುಗಳನ್ನೆಲ್ಲ ಹೊಸ ಬಗೆಯವಕ್ಕೆ ಬದಲಿಸಿದ್ದೇನೆ. ನಿಮ್ಮ ಕೊಟ್ಟಿಗೆಯಲ್ಲೂ ಒಂದು ಪೆಟ್ರೋಲ್ ಹೈ ಬಾನೆಟ್ ನಿಂತಿದ್ದರೆ, ಅದರ ಇಂಜಿನ್ನನ್ನು ಕಿಲೋ ಲೆಕ್ಕಕ್ಕೆ ಕೊಡುವ ಮೊದಲು ಪೇಟೆಯಲ್ಲಿ ಉಗುರಿನಲ್ಲಿ ಅಳೆಯುವ ಮಿಸ್ತ್ರಿ ಯಾರಾದರೂ ಉಳಿದಿದ್ದಾರೆಯೇ ವಿಚಾರಿಸಿ. ಅವರ ಮಕ್ಕಳಿಗೆ ಈ ಕೆಲಸ ಬರುವುದಿಲ್ಲ. ಕಲಿಯೋಣವೆಂದರೆ ಕಲಿಯಲು ಇಂಜಿನ್ನೂ ಇಲ್ಲ.

ಕೇಳಿದವರಿಗೆ ಜೀಪು ಕೊಡುತ್ತೇನೆ, ದೊಡ್ಡಪ್ಪನ ಕಾಲದಿಂದ ನಡೆದುಬಂದದ್ದು. ತೆಗೆದುಕೊಂಡು ಹೋಗುವವರಿಗೆ ಒಂದೇ ಮಾತು. ದಾರಿಯಲ್ಲಿ ಪಂಕ್ಚರ್ ಆದರೆ, ಬಲಗಡೆ ಚಕ್ರದ ನಟ್ಟುಗಳು ಎಲ್ಲ ಗಾಡಿಗಳ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಎಡಗಡೆಯವು ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುವುದು. ಪಂಕ್ಚರ್ ಅಂಗಡಿಯ ಹುಡುಗ ಸ್ಪ್ಯಾನರ್ ಹಚ್ಚಿ ಅದರ ಮೇಲೆ ಹತ್ತಿ ನಿಲ್ಲುವ ಮೊದಲೇ ಅವನಿಗೆ ಇದನ್ನು ಹೇಳಿಬಿಡಿ.